ಕುಡಿಯದವಳ ಪ್ಯಾಂಕ್ರಿಯಾಸ್

ನನಗೆ ಬಂದಿರುವುದು ಕುಡುಕರ ರೋಗವಂತೆ. ಹಾಗೆಂದವರಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯ ನರ್ಸಿಂಗ್ ಹೋಮಿನ ಡಾಕ್ಟರಿದ್ದಾರೆ, ನಮ್ಮ ಮೇಲಿನ ಮಹಡಿಯ ಹೆಂಗಸಿದ್ದಾಳೆ, ಮೆಡಿಕಲ್ ಅಂಗಡಿಯವನಿದ್ದಾನೆ, ನನ್ನ ಹೆತ್ತ ತಾಯಿಯೂ ಇದ್ದಾಳೆ. ನಾನು ಜೀವಮಾನದಲ್ಲಿ ಒಂದು ಹನಿ ಬಿಯರ್ ಮುಟ್ಟಿದವಳಲ್ಲ. ಇದನ್ನು ಹೇಳಿ ಹೇಳಿ ಸಾಕಾಗಿ, ಈಗ ಯಾರಾದರೂ ಕೇಳಿದರೆ "ಹೌದು, ದಿನಾ ಕುಡಿಯುತ್ತೇನೆ, ಜೀರಿಗೆ ನೀರು" ಎಂದು ಬಿಡುತ್ತೇನೆ. ಕೆಲವರು ನಗುತ್ತಾರೆ. ಉಳಿದವರು ನಂಬುತ್ತಾರೆ, ಜೀರಿಗೆಯ ಮಾತನ್ನು ಬಿಟ್ಟು.

ಯಾವುದೋ ಆಸ್ಪತ್ರೆಯ ಕುರ್ಚಿಯಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕೂತು ಇದನ್ನು ಓದುತ್ತಿರುವವರಿಗೆ ಧೈರ್ಯ ತುಂಬುವ ಮಾತು ನನ್ನಲ್ಲಿ ಹೆಚ್ಚಿಲ್ಲ. ಹಾಗೆ ಕೂತವಳು ಇನ್ನೊಬ್ಬಳು ಇದ್ದಳು ಎಂದು ಗೊತ್ತಾದರೆ ಸಾಕು ಅಂತ ಬರೆಯುತ್ತಿದ್ದೇನೆ.

ನೋವು ನನಗೆ ಹೊಸದಲ್ಲ. ಶಾಲೆಗೆ ಹೋಗುವಾಗಲೇ ಆಗಾಗ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುತ್ತಿದ್ದೆ. ಅಮ್ಮ ಹುಳದ ಬಾಧೆ ಎಂದು ಹರಳೆಣ್ಣೆ ಕುಡಿಸುತ್ತಿದ್ದಳು. ಪರೀಕ್ಷೆಯ ಹೊತ್ತಿಗೆ ಬಂದರೆ ಹೆದರಿಕೆ ಎನ್ನುತ್ತಿದ್ದಳು. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಅದು ಗ್ಯಾಸ್ ಆಯಿತು, ಆಮೇಲೆ ಆಸಿಡಿಟಿ ಆಯಿತು. ನಾನು ವಾಶಿ ಮಾರ್ಕೆಟಿನ ಹತ್ತಿರ ಒಂದು ಸಾಗಾಟದ ಕಂಪನಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತೇನೆ. ನಮ್ಮ ಫ್ಯಾಮಿಲಿ ಡಾಕ್ಟರು ಮುಖ ನೋಡದೆಯೇ ಚೀಟಿ ಬರೆಯುತ್ತಾ, "ಲೋಕಲ್ ಟ್ರೈನಿನಲ್ಲಿ ಓಡಾಡುವ ಹೆಂಗಸರಿಗೆಲ್ಲ ಇದು ಇದ್ದದ್ದೇ, ಟೈಮಿಗೆ ಸರಿಯಾಗಿ ಊಟ ಮಾಡಿ" ಎನ್ನುತ್ತಿದ್ದರು. ಊಟ ಮಾಡಿದಾಗಲೇ ನೋವು ಬರುವುದು ಎಂದು ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಆ ನೋವನ್ನು ಹೇಗೆ ಹೇಳಲಿ? ಎದೆಯ ಕೆಳಗೆ, ನಟ್ಟನಡುವೆ ಶುರುವಾಗಿ ನೇರ ಬೆನ್ನಿಗೆ ಹೋಗುತ್ತದೆ. ಮಲಗಲು ಆಗುವುದಿಲ್ಲ, ನಿಲ್ಲಲು ಆಗುವುದಿಲ್ಲ. ಮುಂದಕ್ಕೆ ಬಾಗಿ ಮೊಣಕಾಲನ್ನು ತಬ್ಬಿ ಕೂತರೆ ಮಾತ್ರ ಉಸಿರಾಡಬಹುದು. ಒಮ್ಮೆ ಆಫೀಸಿಗೆ ಹೋಗುವಾಗ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ವಾಶಿಯ ಗಾಡಿ ಹತ್ತಿದ್ದೆ, ನೋವು ಬಂತು. ಲೇಡೀಸ್ ಡಬ್ಬಿಯ ನೆಲದಲ್ಲೇ, ಬಾಗಿಲ ಪಕ್ಕ ಕೂತುಬಿಟ್ಟೆ. "ಪೀರಿಯಡ್ಸ್ ಕ್ಯಾ?" ಎಂದು ಒಬ್ಬಳು ಮಾತ್ರೆ ಕೊಡಲು ಬಂದಳು. ಇನ್ನೊಬ್ಬಳು ದಾರಿಗೆ ಅಡ್ಡ ಕೂರಬೇಡ ಎಂದಳು. ಮೂರನೆಯವಳು ಏನೂ ಕೇಳಲಿಲ್ಲ. ತಾನೂ ಕುಕ್ಕರುಗಾಲಲ್ಲಿ ಕೂತು ನನ್ನ ಬೆನ್ನ ಮೇಲೆ ಅಂಗೈ ಇಟ್ಟಳು. ತನ್ನ ಸ್ಟೇಷನ್ ಬರುವವರೆಗೂ ಇಟ್ಟುಕೊಂಡೇ ಇದ್ದಳು. ಅವಳ ಮುಖ ನಾನು ನೋಡಲಿಲ್ಲ, ಕಾಲಿನ ಚಪ್ಪಲಿ ಮಾತ್ರ ನೋಡಿದೆ. ಈ ಇಡೀ ಕಾಯಿಲೆಯಲ್ಲಿ ನನಗೆ ಸಿಕ್ಕ ಮೊದಲ ಔಷಧಿ ಅದು.

ಕೊನೆಗೆ ರೋಗ ಸಿಕ್ಕಿಬಿದ್ದದ್ದು ಒಂದು ಭಾನುವಾರ ಮಧ್ಯಾಹ್ನ. ಕೋಳಿ ಸಾರು, ರೊಟ್ಟಿ ಮಾಡಿದ್ದೆ. ಉಂಡು ಕೈ ತೊಳೆಯುವಷ್ಟರಲ್ಲಿ ಕುಸಿದೆ. ನನ್ನ ಗಂಡ ಸತೀಶ್ ತುರ್ಭೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅವತ್ತು ಮನೆಯಲ್ಲಿದ್ದರು. ರಿಕ್ಷಾದಲ್ಲಿ ಹಾಕಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ರಕ್ತದ ರಿಪೋರ್ಟ್ ಬಂದ ಮೇಲೆ ಡಾಕ್ಟರು ನನ್ನ ಹಾಸಿಗೆಯ ಪಕ್ಕ ನಿಂತು, ನನ್ನನ್ನು ಬಿಟ್ಟು ಸತೀಶರನ್ನು ಕೇಳಿದರು.

"ಮೇಡಂ ಡ್ರಿಂಕ್ಸ್ ಲೇತೀ ಹೈ ಕ್ಯಾ?"

ಸತೀಶ್ ಮೊದಲು ನಕ್ಕರು. "ಇಲ್ಲ ಡಾಕ್ಟರ್, ನಮ್ಮ ಮನೆಯಲ್ಲಿ ಅದೆಲ್ಲ ಇಲ್ಲ" ಎಂದರು. ಡಾಕ್ಟರು ನಗಲಿಲ್ಲ. "ಇದು ಪ್ಯಾಂಕ್ರಿಯಾಸ್ ಊದಿಕೊಂಡಿರೋದು. ನಾವು ಹೆಚ್ಚಾಗಿ ನೋಡೋದು ಕುಡಿಯುವವರಲ್ಲೇ. ಸರಿಯಾಗಿ ವಿಚಾರಿಸಿ" ಎಂದು ಹೊರಟುಹೋದರು.

ಸತೀಶ್ ವಿಚಾರಿಸಿದರು. ಅವತ್ತಲ್ಲ. ಡಿಸ್ಚಾರ್ಜ್ ಆಗಿ ಮನೆಗೆ ಬಂದು ನಾನು ಗಂಜಿ ಕುಡಿಯುತ್ತಿದ್ದಾಗ, ಟಿವಿಯ ಕಡೆ ನೋಡುತ್ತಾ, "ಆಫೀಸಿನ ಪಾರ್ಟಿಯಲ್ಲಿ ಯಾರಾದರೂ ಜ್ಯೂಸಿನಲ್ಲಿ ಏನಾದರೂ ಹಾಕಿಕೊಟ್ಟಿರಬಹುದಾ?" ಎಂದರು. ನಾನು ಗಂಜಿ ಕಲಕಿದೆ. ಸ್ವಲ್ಪ ಹೊತ್ತು ಬಿಟ್ಟು, "ಮದುವೆಗೆ ಮುಂಚೆ... ಕಾಲೇಜಿನಲ್ಲಿ?" ಎಂದರು. ಗಂಜಿಯ ಬಟ್ಟಲನ್ನು ಕೆಳಗಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಆಮೇಲೆ ಅವರು ಕ್ಷಮೆ ಕೇಳಿದ್ದಾರೆ. ಎಣ್ಣೆಯಿಲ್ಲದೆ ಪಲ್ಯ ಮಾಡುವುದನ್ನು ಕಲಿತಿದ್ದಾರೆ, ನನಗಿಂತ ಚೆನ್ನಾಗಿ ಮಾಡುತ್ತಾರೆ. ಆದರೆ ಆ ಪ್ರಶ್ನೆಯನ್ನು ನಾನು ಮರೆತಿಲ್ಲ, ಮರೆಯುವ ಯೋಚನೆಯೂ ಇಲ್ಲ.

ಅಲ್ಲಿಂದ ನವಿ ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನಿನಲ್ಲಿ ಪ್ಯಾಂಕ್ರಿಯಾಸಿನ, ಅಂದರೆ ಜಠರದ ಹಿಂದಿನ ಮೇದೋಜೀರಕ ಗ್ರಂಥಿಯ, ನಾಳದ ತುಂಬ ಕಲ್ಲು ಕಂಡಿತು. ಇವತ್ತು ನಿನ್ನೆಯದಲ್ಲ, ಎಷ್ಟೋ ವರ್ಷಗಳಿಂದ ಕಟ್ಟುತ್ತಾ ಬಂದದ್ದು. ಅಂದರೆ ಹರಳೆಣ್ಣೆ ಕುಡಿಯುತ್ತಿದ್ದ ಕಾಲದಿಂದಲೇ.

ಅಮ್ಮ ಠಾಣೆಯಲ್ಲಿ ನನ್ನ ಅಣ್ಣ ಪ್ರಕಾಶನ ಮನೆಯಲ್ಲಿರುತ್ತಾಳೆ. ಸುದ್ದಿ ಕೇಳಿ ಅಣ್ಣನ ಜೊತೆ ಆಸ್ಪತ್ರೆಗೆ ಬಂದಳು. ನಾವು ಮನೆಯಲ್ಲಿ ಆಡುವುದು ತುಳು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಎಂತದಂತೆ?" ಎಂದಳು.

"ಪ್ಯಾಂಕ್ರಿಯಾಸ್‌ದು ಅಮ್ಮ. ಅದರಲ್ಲಿ ಕಲ್ಲು ಉಂಟಂತೆ."

ಅಮ್ಮ ಓದಿದ್ದು ಊರಿನ ಶಾಲೆಯಲ್ಲಿ ಕೆಲವೇ ವರ್ಷ. ಆ ಶಬ್ದ ಅವಳಿಗೆ ಅರ್ಥವಾಗುವುದಿಲ್ಲ, ಬಿಡಿಸಿ ಹೇಳಬೇಕು ಎಂದುಕೊಂಡಿದ್ದೆ. ಹೇಳಬೇಕಾಗಲಿಲ್ಲ. ಅವಳ ಮುಖ ಬಿಗಿದುಕೊಂಡಿತು. ಪಕ್ಕದ ಹಾಸಿಗೆಯವರಿಗೆ ಕೇಳದ ಹಾಗೆ ಬಗ್ಗಿ, "ಈ ಹೆಸರು ಯಾರ ಹತ್ತಿರವೂ ಹೇಳಬೇಡ. ಕೇಳಿದವರಿಗೆ ಗ್ಯಾಸ್ಟ್ರಿಕ್ ಅಂತ ಹೇಳು" ಎಂದಳು.

"ಯಾಕಮ್ಮ?"

"ನಿನ್ನ ಅಪ್ಪನಿಗೆ ಇದ್ದದ್ದೂ ಅದೇ."

ನಾನು ಅಣ್ಣನ ಮುಖ ನೋಡಿದೆ. ಅವನಿಗೂ ಗೊತ್ತಿರಲಿಲ್ಲ. ನಮಗೆ ಇಬ್ಬರಿಗೂ ಅಮ್ಮ ಹೇಳಿಕೊಂಡು ಬಂದಿದ್ದು ಒಂದೇ ಮಾತು, ಕುಡಿದು ಕುಡಿದು ಹೊಟ್ಟೆ ಕೆಟ್ಟು ಸತ್ತರು ಅಂತ.

ಅಪ್ಪ ಠಾಣೆಯಲ್ಲಿ ರಸ್ತೆಗಳು ಕೂಡುವ ಒಂದು ನಾಕಾದ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ಮೊದಲು ಅದು ಇಡ್ಲಿ ಸಾಂಬಾರಿನ ಹೋಟೆಲು. ಆಮೇಲೆ ಮಾಲೀಕರು ಲೈಸೆನ್ಸ್ ಪಡೆದು ಬಾರ್ ಮಾಡಿದರು. ಅಪ್ಪ ಅದೇ ಗಲ್ಲಾದ ಹಿಂದೆ ಕೂತರು, ಅಷ್ಟೇ. ಬೆಳಿಗ್ಗೆ ನಾವು ಶಾಲೆಗೆ ಹೊರಡುವಾಗ ಅವರ ಅಂಗಿ ಗೂಟದಲ್ಲಿ ತೂಗುತ್ತಿರುತ್ತಿತ್ತು, ಅದರಿಂದ ವಾಸನೆ ಬರುತ್ತಿತ್ತು. ಅಮ್ಮ ಅದನ್ನು ಎರಡೇ ಬೆರಳಲ್ಲಿ ಎತ್ತಿ ಬಕೆಟ್ಟಿಗೆ ಬಿಡುತ್ತಿದ್ದಳು. "ನಾನು ಮಾರುವವನು ಮಾರಾಯ್ತಿ, ಕುಡಿಯುವವನಲ್ಲ" ಎಂದು ಅಪ್ಪ ಎಷ್ಟೋ ಸಲ ಹೇಳಿದ್ದು ನನ್ನ ಕಿವಿಯಲ್ಲಿದೆ. ಅಮ್ಮ ಬಟ್ಟೆಯನ್ನು ಕಲ್ಲಿಗೆ ಜೋರಾಗಿ ಬಡಿಯುತ್ತಿದ್ದಳು.

ಅಪ್ಪನಿಗೆ ಹೊಟ್ಟೆನೋವು ಬರುತ್ತಿತ್ತು. ಗೋಡೆಗೆ ಮುಖ ಮಾಡಿ, ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೂರುತ್ತಿದ್ದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ರೋಗದ ಹೆಸರು ಹೇಳಿ, ಎಲ್ಲಿ ಕೆಲಸ ಎಂದು ಕೇಳಿದರಂತೆ. ಬಾರಿನಲ್ಲಿ ಎಂದಾಗ ಮುಂದೆ ಏನೂ ಕೇಳಲಿಲ್ಲವಂತೆ. ಕುಡಿಯುವುದನ್ನು ಬಿಡು ಎಂದು ಬರೆದುಕೊಟ್ಟರು. ಅಮ್ಮನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಅವಳು ಅಪ್ಪನ ಜೊತೆ ಕೂತು ಉಂಡದ್ದಿಲ್ಲ. ತಟ್ಟೆಯನ್ನು ಮುಂದೆ ಇಟ್ಟು ಹೋಗುತ್ತಿದ್ದಳು. ಅಪ್ಪ ಸೊರಗುತ್ತಾ ಹೋದರು, ಸಕ್ಕರೆ ಕಾಯಿಲೆ ಬಂತು, ಐವತ್ತು ತುಂಬುವ ಮೊದಲೇ ಹೋದರು. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ಕೂತ ನೆಂಟರು, "ಎಷ್ಟು ಒಳ್ಳೆಯ ಮನುಷ್ಯ, ಆ ಚಟ ಒಂದು ಇಲ್ಲದಿದ್ದರೆ" ಎಂದು ಪಾಯಸ ಹಾಕಿಸಿಕೊಂಡರು.

ಆಸ್ಪತ್ರೆಯಲ್ಲಿ ನನ್ನನ್ನು ನೋಡುವ ಡಾಕ್ಟರು ಮರಾಠಿ ಹೆಂಗಸು, ಮಾತು ಕಡಿಮೆ. ಅಪ್ಪನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ತಂದೆಗೂ ಇತ್ತಾ? ನಿಮಗೆ ಚಿಕ್ಕಂದಿನಿಂದಲೂ ನೋವಾ? ಇದನ್ನು ಯಾರೂ ಮೊದಲು ಕೇಳಲಿಲ್ಲವಾ?" ಎಂದರು. ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಕೇಳಲು ಬೇರೆ ಪ್ರಶ್ನೆ ಇತ್ತು.

ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳಿಸಿದರು. ಬಹಳ ಕಾಲದ ಮೇಲೆ ರಿಪೋರ್ಟ್ ಬಂತು. ಹೌದು, ಇದು ಹುಟ್ಟಿನಿಂದಲೇ ಬಂದದ್ದು, ವಂಶದಲ್ಲಿ ಹರಿಯುವಂಥದ್ದು. "ಅಂದರೆ ನನ್ನ ಅಪ್ಪ ಕುಡಿಯುತ್ತಿರಲಿಲ್ಲ ಅಲ್ಲವಾ ಡಾಕ್ಟರ್?" ಎಂದೆ. ಅವರು ಸುಳ್ಳು ಹೇಳುವವರಲ್ಲ. "ಅದನ್ನು ಈ ಕಾಗದ ಹೇಳಲ್ಲ. ತಂದೆಯ ರಕ್ತವೂ ಈಗ ನಮ್ಮ ಹತ್ತಿರ ಇಲ್ಲ. ಆದರೆ ಈ ರೋಗ ಬರಲು ಅವರು ಕುಡಿಯಲೇಬೇಕಾಗಿರಲಿಲ್ಲ. ಅಷ್ಟು ಹೇಳಬಲ್ಲೆ" ಎಂದರು.

ನನಗೆ ಅಷ್ಟು ಸಾಕಾಗಿತ್ತು. ಮರುದಿನವೇ ಠಾಣೆಗೆ ಹೋದೆ. ಅಮ್ಮ ಬಾಲ್ಕನಿಯಲ್ಲಿ ಕೂತು ತೊಂಡೆಕಾಯಿ ಹೆಚ್ಚುತ್ತಿದ್ದಳು. ಎದುರು ಕೂತು, ಡಾಕ್ಟರು ಹೇಳಿದ್ದನ್ನು ಅವರು ಹೇಳಿದಷ್ಟೇ ಹೇಳಿದೆ. ಅಮ್ಮ ಹೆಚ್ಚುತ್ತಲೇ ಇದ್ದಳು.

"ಕೇಳಿಸಿತಾ ಅಮ್ಮ?"

"ಕೇಳಿಸಿತು."

"ಅಪ್ಪ ಹೇಳಿದ್ದು ನಿಜ ಇರಬಹುದು."

"ಅವರು ಕುಡಿಯುತ್ತಿದ್ದರು."

"ನೀನು ನೋಡಿದ್ದೀಯಾ?"

"ನನಗೆ ಗೊತ್ತುಂಟು."

"ನೋಡಿದ್ದೀಯಾ ಅಂತ ಕೇಳಿದೆ."

ಅಮ್ಮ ಚೂರಿ ಕೆಳಗಿಟ್ಟಳು. "ಇಷ್ಟು ವರ್ಷ ಆದ ಮೇಲೆ ಆ ಕಾಗದ ಹಿಡಿದುಕೊಂಡು ಬಂದು ಇದನ್ನು ಕೇಳ್ತೀಯಲ್ಲ, ಅವರು ಕುಡಿಯುತ್ತಿರಲಿಲ್ಲ ಅಂತಾದರೆ ನಾನು ಯಾರು? ಅದನ್ನು ಯೋಚನೆ ಮಾಡಿದ್ದೀಯಾ?" ಎಂದಳು. ಕಣ್ಣು ಒಣಗಿತ್ತು. ಅಷ್ಟರಲ್ಲಿ ಅಣ್ಣ ಒಳಗಿನಿಂದ ಬಂದ. "ಸಾಕು ಬಿಡು ವನಿತಾ. ಸತ್ತವರು ಸತ್ತರು. ಅಮ್ಮನಿಗೆ ಬಿ.ಪಿ. ಉಂಟು" ಎಂದ. ಅಪ್ಪನಿಗೆ ಏನಿತ್ತು ಎನ್ನುವುದು ಅವನಿಗೂ ಬೇಡವಾಗಿತ್ತು. ಜೀನ್ ಪರೀಕ್ಷೆಗೆ ತನ್ನ ರಕ್ತ ಕೊಡಲೂ ಅವನು ಒಪ್ಪಲಿಲ್ಲ. ನನಗೆ ಏನೂ ಇಲ್ಲ, ಗಟ್ಟಿ ಇದ್ದೇನೆ ಎಂದ. ಇರಲಿ. ಗಟ್ಟಿ ಇರಲಿ.

ಚಿಕಿತ್ಸೆಯ ವಿವರ ಬರೆದು ಯಾರನ್ನೂ ಹೆದರಿಸುವುದಿಲ್ಲ. ಹೊರಗಿನಿಂದ ಯಂತ್ರದಲ್ಲಿ ಬಡಿದು ಕಲ್ಲನ್ನು ಪುಡಿ ಮಾಡಿದರು. ಬಾಯಿಯ ಮೂಲಕ ನಳಿಕೆ ಇಳಿಸಿ ಪುಡಿ ತೆಗೆದು, ನಾಳ ಮುಚ್ಚದ ಹಾಗೆ ಒಂದು ಸಣ್ಣ ಕೊಳವೆ ಇಟ್ಟರು. ಅದನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಹಾಗಾಗಿ ಕಾಯುವ ಕೋಣೆಯ ಕುರ್ಚಿಗಳು ನನಗೆ ಲೋಕಲ್ ಟ್ರೈನಿನ ಸೀಟಿನಷ್ಟೇ ಪರಿಚಯವಾದವು.

ಅಲ್ಲಿ ಕೂರುವವರು ಹೆಚ್ಚಾಗಿ ಗಂಡಸರು. ಪಕ್ಕದಲ್ಲಿ ಅವರ ಹೆಂಡತಿಯರು, ಮುಖ ಊದಿಸಿಕೊಂಡು. ನನ್ನನ್ನೂ ಮೊದಲು ಯಾರದೋ ಹೆಂಡತಿ ಎಂದುಕೊಳ್ಳುತ್ತಿದ್ದರು. "ನಿಮ್ಮವರು ಎಲ್ಲಿ, ಒಳಗಾ?" ಎಂದು ಕೇಳುತ್ತಿದ್ದರು. ಪೇಷಂಟ್ ನಾನೇ ಎಂದು ಗೊತ್ತಾದ ಮೇಲೆ ಸ್ವಲ್ಪ ಸರಿದು ಕೂರುತ್ತಿದ್ದರು. ಒಬ್ಬಳು ಮಾತ್ರ ಹತ್ತಿರ ಬಂದು, ತೀರ ಕನಿಕರದಿಂದ, "ಗಂಡನೇ ಕುಡಿಸಿ ಚಟ ಹಿಡಿಸಿದನಾ?" ಎಂದಳು. ಸತೀಶ್ ಆಗ ನನಗೆ ನೀರು ತರಲು ಹೋಗಿದ್ದರು. ಬಂದಾಗ ಅವಳು ಅವರನ್ನು ನೋಡಿದ ನೋಟ ಹೇಗಿತ್ತೆಂದರೆ, ನನಗೆ ಬಹಳ ದಿನಗಳ ಮೇಲೆ ನಗು ಬಂತು. ಹೌದು ಎಂದುಬಿಡಬೇಕಿತ್ತು ಅನ್ನಿಸಿತು.

ಪಾಟೀಲ್ ಎನ್ನುವವರೊಬ್ಬರು ಅಲ್ಲಿ ಪರಿಚಯವಾದರು. ತುರ್ಭೆಯ ಗೋದಾಮಿನಲ್ಲಿ ಮಾಲು ಇಳಿಸುವವರ ಗುಂಪಿನ ಮೇಸ್ತ್ರಿ. ಒಂದು ಕಾಲದಲ್ಲಿ ಮೂಟೆ ಎತ್ತಿದ ಮೈ, ಆಗ ಅಂಗಿಯೊಳಗೆ ಎಲುಬು ಮಾತ್ರ. "ನಾನಾದರೂ ಕುಡಿದು ಸಂಪಾದಿಸಿದೆ ಅಕ್ಕಾ, ಮಜಾ ಮಾಡಿದ್ದೇನೆ. ನಿಮಗೆ ಇದು ಪುಕ್ಕಟೆ ಸಿಕ್ಕಿತಲ್ಲ, ಅದು ಅನ್ಯಾಯ" ಎಂದರು. ನನ್ನ ರೋಗವನ್ನು ಅನ್ಯಾಯ ಎಂದ ಮೊದಲನೆಯ ಮನುಷ್ಯ ಅವರೇ. ಉಳಿದವರೆಲ್ಲ ಕರ್ಮ ಎಂದಿದ್ದರು. ಮೇಲಿನ ಮಹಡಿಯ ಹೆಂಗಸು ಮಾತ್ರ, "ಎಷ್ಟು ಸ್ಲಿಮ್ ಆಗಿದ್ದೀಯಾ, ಏನು ಡಯಟ್?" ಎಂದು ಕೇಳಿದ್ದಳು, ರೋಗದ ಹೆಸರು ತಿಳಿಯುವ ಮೊದಲು. ತಿಳಿದ ಮೇಲೆ ಕೇಳುವುದನ್ನು ನಿಲ್ಲಿಸಿ ಹೇಳಲು ಶುರುಮಾಡಿದಳು, ಬೇರೆಯವರ ಹತ್ತಿರ.

ಪಾಟೀಲರು ಮತ್ತು ನಾನು ಒಟ್ಟಿಗೆ ಕೂತಾಗ ಬಾಯಿಬಿಟ್ಟು ಆಡಬಾರದ ಮಾತುಗಳನ್ನು ಆಡುತ್ತಿದ್ದೆವು. ಅರಗದೆ ಹೋಗಿ ಸಂಡಾಸಿನ ನೀರಿನ ಮೇಲೆ ತೇಲುವ ಎಣ್ಣೆಯ ಬಗ್ಗೆ, ಬೇರೆಯವರ ಮನೆಗೆ ಹೋದರೆ ಅಲ್ಲಿ ಕಕ್ಕಸಿಗೆ ಹೋಗಲು ಆಗುವ ನಾಚಿಕೆಯ ಬಗ್ಗೆ. ನೋವಿನ ಮಾತ್ರೆ ಕೇಳಿದಾಗ ಮೆಡಿಕಲ್ ಅಂಗಡಿಯವನು ಡಾಕ್ಟರ ಚೀಟಿಯನ್ನು ಸುಳ್ಳೇನೋ ಎಂಬಂತೆ ಬೆಳಕಿಗೆ ಹಿಡಿದು ನೋಡುವುದರ ಬಗ್ಗೆ. "ನನಗೆ ಹಾಗೆ ಮಾಡಿದರೆ ಸರಿ, ನಿಮಗೂ ಮಾಡ್ತಾನಾ?" ಎಂದು ಅವರು ಆಶ್ಚರ್ಯಪಟ್ಟರು. ಮಾಡುತ್ತಿದ್ದ. ಒಮ್ಮೆ ನಾನು ಬಂದ ದಿನ ಅವರು ಬರಲಿಲ್ಲ, ಅದರ ಮುಂದಿನ ಸಲವೂ ಇಲ್ಲ. ಕೌಂಟರಿನ ಸಿಸ್ಟರ್ ಹತ್ತಿರ ಕೇಳಿದೆ. ಅವಳು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ತಲೆಯನ್ನಷ್ಟೇ ಅಲ್ಲಾಡಿಸಿದಳು.

ಅವತ್ತೇ ನಾನು ಡಾಕ್ಟರನ್ನು ಕೇಳಿದ್ದು. ಅಷ್ಟು ದಿನ ಕೇಳಬೇಕೆಂದು ಹೋಗಿ, ಕೇಳದೆ ಬರುತ್ತಿದ್ದೆ.

"ನಾನು ಎಷ್ಟು ವರ್ಷ ಇರ್ತೇನೆ?"

ಡಾಕ್ಟರು ಕುರ್ಚಿಗೆ ಒರಗಿದರು. "ಪಾಟೀಲರ ಸುದ್ದಿ ಕೇಳಿದಿರಿ" ಎಂದರು. "ಅವರ ಲೆಕ್ಕ ನಿಮಗೆ ಹಾಕಬೇಡಿ. ಅವರು ಕುಡಿಯೋದನ್ನೂ ಬಿಡಲಿಲ್ಲ, ಸಿಗರೇಟೂ ಬಿಡಲಿಲ್ಲ. ನೀವು ತುಂಬ ವರ್ಷ ಇರಬಹುದು. ಮೊಮ್ಮಕ್ಕಳನ್ನು ನೋಡಲ್ಲ ಅಂತ ಹೇಳೋಕೆ ನನ್ನ ಹತ್ತಿರ ಯಾವ ಕಾರಣವೂ ಇಲ್ಲ. ನೋಡ್ತೀರಿ ಅಂತ ಬರೆದುಕೊಡೋದೂ ಇಲ್ಲ."

"ನೋವು?"

"ಕೆಲವರಿಗೆ ವರ್ಷಗಳು ಕಳೆದ ಹಾಗೆ ಕಡಿಮೆಯಾಗುತ್ತೆ."

"ಅಂದರೆ ವಾಸಿಯಾಗಿ?"

"ಇಲ್ಲ. ಗ್ರಂಥಿ ಸುಟ್ಟುಹೋಗಿ. ಸುಡೋಕೆ ಏನೂ ಉಳಿಯದಿದ್ದಾಗ ನೋವು ಕಡಿಮೆಯಾಗುತ್ತೆ. ಆಗ ಸಕ್ಕರೆ ಕಾಯಿಲೆ ಬರುತ್ತೆ, ಇನ್ಸುಲಿನ್ ಬೇಕಾಗುತ್ತೆ. ಊಟ ಅರಗಿಸೋಕೆ ಕ್ಯಾಪ್ಸೂಲ್ ಬೇಕು, ಅದು ಈಗಲೂ ಬೇಕು. ಕ್ಯಾನ್ಸರ್ ಅಪಾಯ ಬೇರೆಯವರಿಗಿಂತ ಹೆಚ್ಚು, ಅದಕ್ಕೆ ಸ್ಕ್ಯಾನ್ ತಪ್ಪಿಸಬಾರದು. ತೂಕ ಇಳಿಯೋಕೆ ಬಿಡಬಾರದು."

ಇಷ್ಟನ್ನೂ ಅವರು ನನ್ನ ಕಣ್ಣು ನೋಡಿ ಹೇಳಿದರು. ಈ ರೋಗದಲ್ಲಿ ಎಲ್ಲರೂ ನೆಲವನ್ನೋ ಗೋಡೆಯನ್ನೋ ನೋಡಿ ಮಾತಾಡುತ್ತಾರೆ. ಹೊರಗೆ ಬಂದು ಲಿಫ್ಟಿಗೆ ಕಾಯುತ್ತಾ ನಿಂತಾಗ ಸಿಟ್ಟು ನೆತ್ತಿಗೇರಿತು. ನನ್ನ ದೇಹದ ಒಂದು ಅಂಗ ನನ್ನೊಳಗೇ ಸುಟ್ಟು ಬೂದಿಯಾಗಲಿ, ಬೇಗ ಆಗಲಿ, ನೋವು ನಿಲ್ಲಲಿ ಎಂದು ನಾನೇ ಹಾರೈಸಬೇಕಾಯಿತಲ್ಲ ಎಂದು. ಒಳ್ಳೆಯ ಸುದ್ದಿ ಎಂದರೆ ಇದೇ ಎಂದು ಹೊಂದಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಅವರು ಹೇಳಿದ ಹಾಗೆಯೇ ಆಯಿತು. ನೋವು ಈಗ ಮೊದಲಿನಷ್ಟಿಲ್ಲ. ಸಕ್ಕರೆ ಬಂದಿದೆ. ಆಫೀಸಿನ ಡಬ್ಬಿಯ ಜೊತೆ ಇನ್ಸುಲಿನ್ ಪೆನ್ನೂ ಬ್ಯಾಗಿನಲ್ಲಿರುತ್ತದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ನನಗೆ ಮಗಳಿದ್ದಾಳೆ.

ಈಗ ಹೇಳಹೊರಟಿರುವುದು ನಡೆದಾಗ ಶ್ರಾವಣಿ ಹತ್ತನೆಯ ತರಗತಿ. ಇಲ್ಲೇ ಹುಟ್ಟಿ ಬೆಳೆದವಳು. ನಾವು ತುಳುವಿನಲ್ಲೋ ಕನ್ನಡದಲ್ಲೋ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ನನ್ನ ರಿಪೋರ್ಟ್ ಬಂದಾಗಲೇ ಡಾಕ್ಟರು, ಮಗಳಿಗೂ ಬಂದಿರಬಹುದು, ಬರದೆಯೂ ಇರಬಹುದು ಎಂದಿದ್ದರು. ಲಕ್ಷಣ ಏನೂ ಇಲ್ಲದಿದ್ದರೆ ಪರೀಕ್ಷೆಗೆ ಅವಸರ ಬೇಡ, ದೊಡ್ಡವಳಾದ ಮೇಲೆ ಅವಳೇ ತೀರ್ಮಾನ ಮಾಡಲಿ ಎಂದಿದ್ದರು. ಸತೀಶರಿಗೆ ಅದು ಹಿಡಿಸಿತ್ತು. "ಆಮೇಲೂ ಬೇಡ. ನಾಳೆ ಸಂಬಂಧ ಬಂದಾಗ ಯಾರಾದರೂ ಕೇಳಿದರೆ?" ಎಂದರು. ನನ್ನ ರೋಗವನ್ನು ಗ್ಯಾಸ್ಟ್ರಿಕ್ ಮಾಡಿದ ಅಮ್ಮನಿಗೂ ಇವರಿಗೂ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ದೀಪಾವಳಿ ರಜೆಯಲ್ಲಿ ಶ್ರಾವಣಿ ಠಾಣೆಗೆ, ಅಜ್ಜಿಯ ಹತ್ತಿರ ಹೋಗಿದ್ದಳು. ಒಂದು ಸಂಜೆ ಫ್ರೆಂಡ್ಸ್ ಜೊತೆ ಅಲ್ಲಿನ ಕೆರೆಯ ಹತ್ತಿರ ತಿರುಗಾಡಿ ಬಂದವಳಿಗೆ ಹೊಟ್ಟೆನೋವು. ಅಣ್ಣ ಫೋನ್ ಮಾಡಿದ. ನಾನು ಆಫೀಸಿನಿಂದ ಹೊರಟು ವಾಶಿಯಲ್ಲಿ ಗಾಡಿ ಹತ್ತಿದೆ. ನಿಂತುಕೊಂಡೇ ಬಂದೆ, ಕೂರಲು ಸೀಟು ಇತ್ತು.

ಬಾಗಿಲು ತೆರೆದೇ ಇತ್ತು. ಶ್ರಾವಣಿ ಸೋಫಾದ ಮೇಲೆ ಮೊಣಕಾಲನ್ನು ತಬ್ಬಿಕೊಂಡು, ಬಾಗಿ ಕೂತಿದ್ದಳು. ಆ ಭಂಗಿಯನ್ನು ನಾನು ಮೊದಲ ಸಲ ಹೊರಗಿನಿಂದ ನೋಡಿದೆ. ಅಮ್ಮ ಅವಳ ಎದುರು ನಿಂತಿದ್ದಳು.

"ನಿಜ ಹೇಳು," ಎನ್ನುತ್ತಿದ್ದಳು ಅಮ್ಮ. "ಆ ಹುಡುಗಿಯರ ಜೊತೆ ಏನಾದರೂ ಕುಡಿದೆಯಾ?"

"ಕುಛ್ ನಹೀ ಪಿಯಾ, ಅಜ್ಜಿ," ಎಂದಳು ಮಗಳು. ಅಳುತ್ತಿದ್ದಳು.

"ಹೆದರಬೇಡ. ನಾನು ಯಾರಿಗೂ ಹೇಳುವುದಿಲ್ಲ. ಕುಡಿದಿದ್ದರೆ ಹೇಳು."

ನಾನು ಕಿರುಚುವವಳಲ್ಲ. ಅವತ್ತು ಕಿರುಚಿದೆ.

"ಅವಳು ಕುಡಿದಿಲ್ಲ! ನಾನು ಕುಡಿದಿಲ್ಲ! ಅಪ್ಪನೂ ಕುಡಿದಿರಲಿಲ್ಲ! ಇನ್ನು ಯಾರನ್ನು ಕೇಳಬೇಕು ನಿನಗೆ? ಇವಳಿಗೆ ಹುಟ್ಟುವ ಮಗುವನ್ನೂ ಕೇಳ್ತೀಯಾ?"

ಅಣ್ಣ ಓಡಿಬಂದ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅಮ್ಮ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಕೈಕೊಟ್ಟಳು. ನಾನು ಮಗಳನ್ನು ಎಬ್ಬಿಸಿಕೊಂಡು ಕೆಳಗಿಳಿದು ಆಸ್ಪತ್ರೆಗೆ ರಿಕ್ಷಾ ಹಿಡಿದೆ. ರಿಕ್ಷಾದಲ್ಲಿ ಶ್ರಾವಣಿ ನನ್ನ ತೋಳು ಹಿಡಿದು, "ಮಮ್ಮಾ, ನಿಮಗೆ ಆಗಿದ್ದೇ ನನಗೂ ಆಯ್ತಾ?" ಎಂದು ಕನ್ನಡದಲ್ಲಿ ಕೇಳಿದಳು. ಅದಕ್ಕೆ ಮುಂಚೆ ಅವಳು ಕನ್ನಡದಲ್ಲಿ ಅಷ್ಟು ಉದ್ದ ಮಾತಾಡಿದ್ದು ನನಗೆ ನೆನಪಿಲ್ಲ. ಗೊತ್ತಿಲ್ಲ ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಅವತ್ತಿನ ರಕ್ತದ ರಿಪೋರ್ಟ್ ಸರಿಯಾಗಿಯೇ ಬಂತು. ಹೊರಗೆ ತಿಂದದ್ದು ಏನೋ ಆಗಿಬರಲಿಲ್ಲ ಎಂದು ಕಾಣುತ್ತದೆ, ನೋವು ಬೆಳಿಗ್ಗೆಗೆ ಹೋಗಿತ್ತು. ಆದರೂ ನಮ್ಮ ಡಾಕ್ಟರು ಒಮ್ಮೆ ಕರೆದುಕೊಂಡು ಬನ್ನಿ, ಸ್ಕ್ಯಾನ್ ಮಾಡಿ ನೋಡೋಣ ಎಂದರು.

ಆ ದಿನ ನಾನೂ ಶ್ರಾವಣಿಯೂ ಆಸ್ಪತ್ರೆಯ ಕಾಯುವ ಕೋಣೆಗೆ ಹೋದರೆ ಅಮ್ಮ ಅಲ್ಲಿ ಕೂತಿದ್ದಳು. ಒಬ್ಬಳೇ ಠಾಣೆಯಿಂದ ರೈಲಿನಲ್ಲಿ ಬಂದಿದ್ದಳು. ಆ ಜಗಳದ ನಂತರ ನಾವು ಮಾತಾಡಿರಲಿಲ್ಲ. ಅಣ್ಣ ಹೇಳಿರಬೇಕು. ಬಾ ಎಂದು ನಾನು ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಹೆಸರು ಕೂಗಿದಾಗ ಅವಳೂ ಎದ್ದು ನಮ್ಮ ಹಿಂದೆ ಒಳಗೆ ಬಂದಳು.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಡಾಕ್ಟರು ಶ್ರಾವಣಿಯ ಜೊತೆ ನೇರ ಮಾತಾಡಿದರು. ಸದ್ಯಕ್ಕೆ ಏನೂ ಇಲ್ಲ, ಆದರೆ ನೋವು ಬಂದರೆ ಮುಚ್ಚಿಡಬಾರದು, ಸಿಗರೇಟು, ಮದ್ಯ ಎರಡರ ಹತ್ತಿರವೂ ಹೋಗಬಾರದು, ಬೇರೆಯವರು ಹೋದರೂ ನೀನು ಹೋಗಬಾರದು ಎಂದರು. ಆಮೇಲೆ ಅವಳ ಹೊಸ ಫೈಲಿನಲ್ಲಿ ಬರೆಯುತ್ತಾ, "ಅಜ್ಜನಿಗೂ ಇತ್ತು ಅಲ್ಲವಾ?" ಎಂದು ಕೇಳಿದರು.

"ಇತ್ತು. ಅವರು ಕುಡಿಯುತ್ತಿರಲಿಲ್ಲ," ಎಂದೆ ನಾನು, ಹಿಂದಿಯಲ್ಲಿ, ಜೋರಾಗಿ. ಹಿಂದೆ ಕೂತ ಅಮ್ಮನಿಗೆ ಹಿಂದಿ ಚೆನ್ನಾಗಿ ಅರ್ಥವಾಗುತ್ತದೆ. ಡಾಕ್ಟರು ಬರೆದುಕೊಂಡರು. ಅಮ್ಮ ಅಲ್ಲಗಳೆಯಲಿಲ್ಲ. ನಮ್ಮ ಮನೆಯಲ್ಲಿ ಇದನ್ನೇ ತಪ್ಪೊಪ್ಪಿಗೆ ಎಂದು ತಿಳಿದುಕೊಳ್ಳಬೇಕಂತೆ, ಅಣ್ಣ ಆಮೇಲೆ ಫೋನಿನಲ್ಲಿ ಹಾಗೆಂದ. ನಾನು ಹಾಗೆ ತಿಳಿದುಕೊಂಡಿಲ್ಲ.

ಊಟದ ಹೊತ್ತಾಗಿತ್ತು. ಕೆಳಗಿನ ಕ್ಯಾಂಟೀನಿನಲ್ಲಿ ಮೂವರೂ ಕೂತೆವು. ಮಗಳು ದೋಸೆ ತೆಗೆದುಕೊಂಡಳು, ಅಮ್ಮ ನನ್ನ ಹಾಗೆಯೇ ಅನ್ನ, ತೆಳು ಬೇಳೆ ಹೇಳಿದಳು. ನಾನು ಬ್ಯಾಗಿನಿಂದ ಕ್ಯಾಪ್ಸೂಲ್ ಡಬ್ಬಿ ತೆಗೆದು ಮೊದಲ ತುತ್ತಿನ ಜೊತೆ ಒಂದು ನುಂಗಿದೆ. ಅಮ್ಮ ನೋಡುತ್ತಿದ್ದಳು. ಮಧ್ಯೆ ಇನ್ನೊಂದು ನುಂಗಿದೆ, ಅದನ್ನೂ ನೋಡಿದಳು.

"ಇದು ಎಂತಕ್ಕೆ?"

"ಉಂಡದ್ದು ಮೈಗೆ ಹತ್ತಲಿಕ್ಕೆ. ಇದು ಇಲ್ಲದಿದ್ದರೆ ಎಷ್ಟು ಉಂಡರೂ ಸೊರಗುವುದೇ."

ಅಮ್ಮ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದಳು.

"ಅವರಿಗೆ ಇದನ್ನು ಯಾರೂ ಕೊಡಲಿಲ್ಲ," ಎಂದಳು.

"ಯಾರೂ ಕೇಳಲಿಲ್ಲ," ಎಂದೆ ನಾನು.

ಶ್ರಾವಣಿ ನಮ್ಮಿಬ್ಬರ ಮುಖವನ್ನೂ ನೋಡಿ, ದೋಸೆಯ ಒಂದು ತುಂಡು ಮುರಿದು ಅಜ್ಜಿಯ ತಟ್ಟೆಯಲ್ಲಿಟ್ಟಳು. ಅಮ್ಮ ಅದನ್ನು ಮುಟ್ಟಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಅಲ್ಲಾಡುತ್ತಿತ್ತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನಾನು ಕೈ ಚಾಚಿ ಅವಳನ್ನು ಮುಟ್ಟಬಹುದಿತ್ತು, ಮೇಜು ಅಷ್ಟೇನೂ ಅಗಲವಿರಲಿಲ್ಲ. ಮುಟ್ಟಲಿಲ್ಲ. ನನ್ನ ತಟ್ಟೆಯ ಅನ್ನ ಮುಗಿಸಿದೆ. ತೂಕ ಇಳಿಯಬಾರದು ಎಂದಿದ್ದರು ಡಾಕ್ಟರು.